ಸೊಟ್ಟಗೆ ನಿಂತ ಕಾರುಗಳು

ಉಗುರಿಗೆ ಬಗ್ಗದ ಗಂಟಿಗೆ ಮಾರ್ಲಾ ಹಲ್ಲು ಹಾಕಿದಳು. ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಟ್ರಕ್ಕಿನ ಬಾಗಿಲ ಹಿಡಿಯನ್ನು ಹಿಡಿದುಕೊಂಡು, ಗಂಡ ಬೆಳಿಗ್ಗೆ ಕಟ್ಟಿದ್ದ ಕಪ್ಪು ರಿಬ್ಬನ್ನನ್ನು ಕಚ್ಚಿ ಎಳೆದಳು.

"ಇಳಿಯೇ ಕೆಳಗೆ. ಜನ ನೋಡ್ತಿದಾರೆ," ಎಂದ ಡ್ವೇನ್.

"ನೋಡ್ಲಿ. ನೋಡ್ಲಿ ಅಂತ ತಾನೇ ನೀನು ಇದನ್ನ ಇಲ್ಲಿ ತಂದು ನಿಲ್ಲಿಸಿರೋದು?"

ಪೆಲ್ಲಮ್ ಊರಿನ ಮೆಥಡಿಸ್ಟ್ ಚರ್ಚಿನ ಅಂಗಳದಲ್ಲಿ ಆ ಟ್ರಕ್ಕು ಅರ್ಧ ಆಕಾಶ ನುಂಗಿಕೊಂಡು ನಿಂತಿತ್ತು. ಗೊಬ್ಬರ ಹರಡುವ ಯಂತ್ರಕ್ಕೆ ಹಾಕುವಂಥ ಚಕ್ರಗಳು. ಒಂದೊಂದೂ ಡ್ವೇನನ ಭುಜದೆತ್ತರ. ಬಾಗಿಲ ಮೇಲೆ ಬೆಂಕಿಯ ನಾಲಗೆಗಳ ನಡುವೆ ಬರೆದ ಹೆಸರು: ಕೆಂಪು ರಂಪ. ಪಕ್ಕದಲ್ಲಿ ನಿಂತಿದ್ದ ಶವದ ವಾಹನ ಮಕ್ಕಳ ಆಟಿಕೆಯಷ್ಟು ಸಣ್ಣದಾಗಿ ಕಾಣುತ್ತಿತ್ತು. ಮಾರ್ಲಾಳ ಅಪ್ಪ ಡೆಲ್ಮರ್ ಕ್ರಾಂಟ್ಸ್ ಅದರೊಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ.

"ನಿಮ್ಮಪ್ಪನಿಗೆ ಗೌರವ ಕೊಡೋಣ ಅಂತ ತಂದೆ," ಎಂದ ಡ್ವೇನ್. "ಪೆಟ್ಟಿಗೆನ ಇದರ ಹಿಂದೆ ಇಟ್ಕೊಂಡು ಊರಲ್ಲಿ ಒಂದು ಸುತ್ತು ಬಂದು ಆಮೇಲೆ ಮಣ್ಣು ಮಾಡೋಣ. ಪೇಪರಿನವನಿಗೂ ಹೇಳಿದೀನಿ. ಮಾವ ಇದ್ದಿದ್ರೆ ಖುಷಿ ಪಡ್ತಿದ್ರು."

ಡೆಲ್ಮರನ ಅಕ್ಕ ವರ್ನಾ ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಪಿಸುಗುಟ್ಟುವ ಅಭ್ಯಾಸವೇ ಇಲ್ಲ. "ನನ್ನ ತಮ್ಮನಿಗೆ ಏಣಿ ಹತ್ತಿದ್ರೇ ತಲೆ ಸುತ್ತು ಬರ್ತಿತ್ತು ಕಣಯ್ಯ. ಸತ್ತ ಮೇಲಾದ್ರೂ ಅವನನ್ನ ನೆಲದ ಮೇಲೆ ಇರೋಕೆ ಬಿಡು."

ರಿಬ್ಬನ್ನು ಹರಿಯಿತು. ಮಾರ್ಲಾ ಅದನ್ನು ಮುದ್ದೆ ಮಾಡಿ ಗಂಡನ ಎದೆಗೆ ಎಸೆದಳು. ಅವನು ಹಿಡಿದುಕೊಂಡು, ಸುತ್ತ ಒಂದು ಸಲ ನೋಡಿ, ನಕ್ಕ. ಮೈದಾನದಲ್ಲಿ ಟ್ರಕ್ಕಿನ ಆಟ ಮುಗಿಸಿ ಜನರತ್ತ ಟೋಪಿ ಬೀಸುವಾಗ ನಗುವ ನಗು ಅದು.

"ಆಯ್ತಮ್ಮ, ಪೆಟ್ಟಿಗೆ ಬೇಡ. ಒಳಗೆ ಎದ್ದು ನಿಂತು ಎರಡು ಮಾತಾಡ್ತೀನಿ. ಅಳಿಯ ಅಲ್ವಾ ನಾನು? ಅದಕ್ಕೂ ಬೇಡ ಅಂತೀಯಾ?"

ಮಾರ್ಲಾ ಏಣಿ ಇಳಿದಳು. ಲಂಗ ಸರಿಮಾಡಿಕೊಂಡು ಒಳಗೆ ಹೋದಳು.

ಬಂದವರನ್ನು ಬೆರಳು ಮಡಿಸಿ ಎಣಿಸಬಹುದಿತ್ತು. ಅರವತ್ತಮೂರು ವರ್ಷ ಇದೇ ಊರಲ್ಲಿ ಬದುಕಿದವನು. ಚಳಿಗಾಲದಲ್ಲಿ ಹಳ್ಳಕ್ಕೆ ಜಾರಿದ ಕಾರು ಎತ್ತಲು ಸರಪಳಿ ಹೊತ್ತು ಬರುತ್ತಿದ್ದವನು. ತನ್ನ ಗುಜರಿಗೆ ಬಂದ ಕಾರಿನ ಸೀಟಿನಡಿ ಏನೇ ಸಿಕ್ಕರೂ, ಮಗುವಿನ ಒಂಟಿ ಶೂ ಆಗಲಿ, ಯಾರೋ ಬರೆದು ಹಾಕದೇ ಬಿಟ್ಟ ಕಾಗದವಾಗಲಿ, ಅದನ್ನು ಒರೆಸಿ ಅವರ ಮನೆಗೇ ಕೊಟ್ಟುಬರುತ್ತಿದ್ದವನು. ಅಂಥವನ ಸಾವಿಗೆ ಇಪ್ಪತ್ತು ಜನ. ಅವರಲ್ಲೂ ಅರ್ಧ ಮಂದಿ ಹೊರಗಿನ ಟ್ರಕ್ಕು ನೋಡಲು ಬಂದವರು ಎಂದು ಮಾರ್ಲಾಳಿಗೆ ಅನ್ನಿಸಿತು. ಮುಂದಿನ ಬೆಂಚಿನಲ್ಲಿ ವರ್ನಾ ಪಕ್ಕ ಕೂತು, ಅವಳ ತೊಡೆಯ ಮೇಲಿದ್ದ ನಾಲ್ಕು ವರ್ಷದ ಮಗಳು ಕಾರ್ಲಿಯನ್ನು ತನ್ನ ಕಡೆಗೆಳೆದುಕೊಂಡಳು.

ಪೆಟ್ಟಿಗೆಯನ್ನು ಒಳಗೆ ತಂದಿಟ್ಟು, ಪಾದ್ರಿ ಪ್ರಾರ್ಥನೆ ಶುರುಮಾಡುವ ಹೊತ್ತಿಗೆ ಬಾಗಿಲು ಮತ್ತೆ ಕಿರುಗುಟ್ಟಿತು. ಒಂದು ಹೆಜ್ಜೆ ಮೆತ್ತಗೆ, ಒಂದು ಹೆಜ್ಜೆ ಗಟ್ಟಿಯಾಗಿ. ಮಾರ್ಲಾ ತಿರುಗಿ ನೋಡುವ ಅಗತ್ಯವಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಹೇಜಲ್ ಟಿಪ್ಟನ್. ಬಲಗಾಲು ಮಂಡಿಯಿಂದ ಕೆಳಗೆ ಮರದ್ದು.

"ಇವಳ್ಯಾಕೆ ಬಂದ್ಲು?" ಎಂದಳು ವರ್ನಾ. "ಪೆಟ್ಟಿಗೆ ಮುಚ್ಚಿದೆಯೋ ಇಲ್ವೋ ನೋಡ್ಕೊಂಡು ಹೋಗೋಕಾ?"

ಹೇಜಲ್ ಬಾಗಿಲ ಪಕ್ಕದ ಕಡೇ ಬೆಂಚಿನಲ್ಲಿ ಕೂತಳು. ಕೋಟನ್ನು ಬಿಚ್ಚಲಿಲ್ಲ.

*

ಐದು ವರ್ಷದ ಹಿಂದಿನ ಸೆಪ್ಟೆಂಬರ್, ಒಂದು ಶನಿವಾರದ ಮಧ್ಯಾಹ್ನ. ಕೌಂಟಿ ಮೈದಾನದಲ್ಲಿ ಅಪ್ಪ ಮಗಳು ಎಂಟು ಗುಜರಿ ಕಾರುಗಳನ್ನು ಎರಡು ಸಾಲಾಗಿ ನಿಲ್ಲಿಸುತ್ತಿದ್ದರು. ಅಲ್ಲಿಯತನಕ ಆಟ ಅಂದರೆ ಒಂದೇ ಟ್ರಕ್ಕು ಬಂದು ಕಾರುಗಳ ಮೇಲೆ ಹತ್ತಿ ನಿಂತು, ಚಪ್ಪಟೆ ಮಾಡಿ ಇಳಿಯುವುದು. ಜನ ಸೀಟಿ ಹೊಡೆಯುವುದು. ಆ ವರ್ಷ ಆಟ ನಡೆಸುವವನಿಗೆ ಅದು ಸಾಲಲಿಲ್ಲ. ಎರಡು ಟ್ರಕ್ಕುಗಳನ್ನು ಅಕ್ಕಪಕ್ಕ ನಿಲ್ಲಿಸಿ ಓಟ ಬಿಡುತ್ತೇನೆ ಎಂದ. ಹಾಗಾಗಿ ಎರಡೂ ಸಾಲು ಒಂದೇ ಅಳತೆಯಲ್ಲಿ ಇರಬೇಕಿತ್ತು.

"ಒಂದಂಗುಲ ಎಡಕ್ಕೆ," ಎಂದ ಡೆಲ್ಮರ್.

"ಅಪ್ಪ, ಹೇಗಿದ್ರೂ ತುಳಿದು ಹಪ್ಪಳ ಮಾಡೋ ಕಾರು."

"ತುಳಿಯೋನು ಮೇಲಿಂದ ಬೀಳ್ತಾನಲ್ಲ, ಅವನಿಗೆ ಇದೇ ನೆಲ. ಟೇಪು ಬಿಗಿಯಾಗಿ ಹಿಡಿ."

ಮಾರ್ಲಾ ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ಐದು ಸಲ ಅಳೆದರು. ಪೆಟ್ರೋಲ್ ಟ್ಯಾಂಕು ಬರಿದು ಮಾಡಿ, ಬ್ಯಾಟರಿ ತೆಗೆದು, ಗಾಜು ಬಡಿದು ಗುಡಿಸಿ, ಕೊನೆಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಾಗ ಅವನ ಹುಬ್ಬು ಬೆಳ್ಳಗಾಗಿತ್ತು. ಆಮೇಲೆ ಅವನು ಅಳಿಯನ ಟ್ರಕ್ಕಿನ ಮೂತಿಯ ಮುಚ್ಚಳ ಎತ್ತಿ ಎಂಜಿನ್ ನೋಡಿದ. ಬಹಳ ಹೊತ್ತು ನೋಡಿದ.

"ಡ್ವೇನ್, ಇದೇನಿದು?"

ಪೆಡಲಿನಿಂದ ಕಾಲು ತೆಗೆದೊಡನೆ ಎಂಜಿನ್ನಿನ ವೇಗ ತಗ್ಗಿಸುವ ಸ್ಪ್ರಿಂಗು ಮುರಿದಿತ್ತು. ಅದರ ಜಾಗದಲ್ಲಿ ಜಾಲರಿ ಬಾಗಿಲಿನ ಸ್ಪ್ರಿಂಗೊಂದನ್ನು ತಂತಿಯಲ್ಲಿ ಸುತ್ತಿ ಸಿಕ್ಕಿಸಿದ್ದ ಡ್ವೇನ್.

"ನಡೆಯುತ್ತೆ ಮಾವ."

"ನಡೆಯಲ್ಲ ಕಣೋ. ಹಾರಿ ಬಿದ್ದ ಏಟಿಗೆ ಇದು ಕಳಚ್ಕೊಳ್ಳುತ್ತೆ. ಆಮೇಲೆ ನೀನು ಕಾಲು ತೆಗೆದ್ರೂ ಗಾಡಿ ನಿಲ್ಲಲ್ಲ. ಊರಿಗೆ ಹೋಗಿ ಬೇರೆ ತರ್ತೀನಿ. ಒಂದು ಗಂಟೆ ತಡಿ."

"ಒಂದು ಗಂಟೆ! ಅಲ್ಲಿ ಮೂರು ಸಾವಿರ ಜನ ಹಲಗೆ ಒದೀತಿದಾರೆ. ಕೇಳಿಸ್ತಿಲ್ವಾ ನಿಮಗೆ?"

ಕೇಳಿಸುತ್ತಿತ್ತು. ಗ್ಯಾಲರಿಯ ಹಲಗೆಗಳ ಮೇಲೆ ಒಂದೇ ತಾಳದಲ್ಲಿ ಬೂಟುಗಳು. ಡೆಲ್ಮರ್ ಮಗಳ ಕಡೆ ತಿರುಗಿದ. "ನೀನು ಹೇಳು ಅವನಿಗೆ. ನಿನ್ನ ಮಾತು ಕೇಳ್ತಾನೆ."

ಮಾರ್ಲಾ ನಾಲ್ಕು ತಿಂಗಳ ಬಸುರಿ. ಬಿಸಿಲಿಗೆ ಬೆನ್ನು ನೋಯುತ್ತಿತ್ತು. ಗಂಡ ಹೊಸ ಕೆಂಪು ಅಂಗಿಯಲ್ಲಿ ಚೆಂದ ಕಾಣುತ್ತಿದ್ದ. "ಒಂದೇ ಸಲ ತಾನೇ ಅಪ್ಪ," ಎಂದಳು. "ಓಡಿಸ್ಲಿ ಬಿಡು."

ಮೂರನೇ ಕಾರಿನ ಮೇಲಿಂದ ಹಾರಿ ಬಿದ್ದ ಕೆಂಪು ರಂಪದ ಕೂಗು ತಗ್ಗಲಿಲ್ಲ. ಹುಲ್ಲಿನ ಪಿಂಡಿಗಳನ್ನೂ ಹಗ್ಗವನ್ನೂ ಹರಿದುಕೊಂಡು ಅದು ಚರ್ಚಿನ ಹೆಂಗಸರು ಹಣ್ಣು ತುಂಬಿ ಬೇಯಿಸಿದ ಪೈ ಮಾರುತ್ತಿದ್ದ ಮೇಜುಗಳ ಕಡೆ ನುಗ್ಗಿತು. ಉಳಿದವರು ಓಡಿದರು. ಹೇಜಲ್ ಮೇಜಿನಡಿ ಬಗ್ಗಿ ಪೆಟ್ಟಿಗೆಯಿಂದ ಇನ್ನೊಂದು ಪೈ ತೆಗೆಯುತ್ತಿದ್ದಳು. ಎಲ್ಲರಿಗಿಂತ ಮೊದಲು ಅವಳ ಬಳಿ ಮುಟ್ಟಿದವನು ಡೆಲ್ಮರ್. ಸೊಂಟದ ಬೆಲ್ಟು ಬಿಚ್ಚಿ ಅವಳ ತೊಡೆಗೆ ಬಿಗಿದು, ಆಂಬುಲೆನ್ಸ್ ಬರುವತನಕ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಡ್ವೇನ್ ಟ್ರಕ್ಕಿನಿಂದ ಇಳಿಯಲು ಏಣಿ ಕೇಳುತ್ತಿದ್ದ.

*

"ಡೆಲ್ಮರ್ ನನಗೆ ಮಾವ ಮಾತ್ರ ಅಲ್ಲ, ಅಪ್ಪ ಇದ್ದ ಹಾಗೆ," ಎಂದ ಡ್ವೇನ್. ಪೆಟ್ಟಿಗೆ ಹೊರುವವರಿಗೆ ಕೊಟ್ಟ ಬೂದು ಕೈಗವಸನ್ನು ಆಗಲೇ ತೊಟ್ಟಿದ್ದ. ಪೀಠದ ಎರಡೂ ಅಂಚು ಹಿಡಿದು, ಬೇಕಾದಲ್ಲೆಲ್ಲ ದನಿ ತಗ್ಗಿಸುತ್ತ, ಏರಿಸುತ್ತ ಮಾತಾಡುತ್ತಿದ್ದ. ಮೈಕಿನ ಮುಂದೆ ಪಳಗಿದ ದನಿ. "ನಾನು ಮೊದಲ ಟ್ರಕ್ಕು ಕಟ್ಟಿದಾಗ ಗುಜರಿಯಲ್ಲಿದ್ದ ಸೈನ್ಯದ ಲಾರಿಯ ಅಚ್ಚು ಕೊಟ್ಟವರು ಅವರು. ನನ್ನ ಜೊತೆ ಹನ್ನೊಂದು ಊರು ತಿರುಗಿದರು. ಈಗ ನಾವು ಟೀವಿಯಲ್ಲಿ ಬರ್ತೀವಿ, ಇಡೀ ದೇಶ ನೋಡುತ್ತೆ. ಆಗ ಏನಿತ್ತು? ಮಣ್ಣು, ಹಗ್ಗ, ಡೆಲ್ಮರನ ಕಾರುಗಳು."

ಯಾರೋ ತಲೆದೂಗಿದರು. ಮಾರ್ಲಾ ಮಗಳ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಆ ಮನುಷ್ಯ ಒಂದು ತಪ್ಪು ಮಾಡಿದ," ಎಂದ ಡ್ವೇನ್. ಕಡೇ ಬೆಂಚಿನ ಕಡೆ ನೋಡಿದ. "ಅದು ನಮಗೆಲ್ಲ ಗೊತ್ತಿದೆ. ಅದರ ನೋವು ಅನುಭವಿಸಿದವರು ಇಲ್ಲೇ ಇದಾರೆ. ಆವತ್ತು ನಾನೂ ಸಾಯಬಹುದಿತ್ತು. ಆದರೆ ನಾನು ಅವರ ಮೇಲೆ ಒಂದು ದಿನವೂ ಕೋಪ ಇಟ್ಕೊಳ್ಳಲಿಲ್ಲ. ನಾನು ಅವರನ್ನ ಕ್ಷಮಿಸಿದೆ. ನೀವೂ..."

"ಏನಂದೆ?"

ಎದ್ದು ನಿಂತದ್ದು ಮಾರ್ಲಾಳಿಗೆ ಗೊತ್ತೇ ಆಗಿರಲಿಲ್ಲ. ಕಾರ್ಲಿ ಜಾರಿ ವರ್ನಾಳ ಲಂಗ ಹಿಡಿದುಕೊಂಡಳು.

"ಏನಂದೆ ನೀನು? ಇನ್ನೊಂದ್ಸಲ ಹೇಳು. ಯಾರು ಯಾರನ್ನ ಕ್ಷಮಿಸಿದ್ದು?"

"ಕೂತ್ಕೋ ಚಿನ್ನ," ಎಂದ ಡ್ವೇನ್ ಮೆತ್ತಗೆ. ಪಾದ್ರಿಯ ಕಡೆ ತಿರುಗಿದ. "ಎರಡು ದಿನದಿಂದ ಕಣ್ಣು ಮುಚ್ಚಿಲ್ಲ ಇವಳು."

"ಐದು ವರ್ಷದಿಂದ ಮುಚ್ಚಿಲ್ಲ." ಅವಳ ದನಿ ಒಡೆದು ದೊಡ್ಡದಾಯಿತು. "ಆ ಕಾರುಗಳು ಸೊಟ್ಟಗಿರಲಿಲ್ಲ. ಕೇಳಿಸ್ತಾ ಎಲ್ಲರಿಗೂ? ಟೇಪಿನ ಇನ್ನೊಂದು ತುದಿ ಹಿಡಿದಿದ್ದವಳು ನಾನು. ಒಂದು ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ. ಸ್ಪ್ರಿಂಗು ಮುರಿದಿತ್ತು. ಬಾಗಿಲಿಗೆ ಹಾಕೋ ಸ್ಪ್ರಿಂಗು ಕಟ್ಟಿ ಓಡಿಸ್ದ ಇವನು. ಓಡಿಸಬೇಡ ಅಂತ ಅಪ್ಪ ಹೇಳ್ದ. ಕಾಲು ಹಿಡಿಯೋದೊಂದು ಬಾಕಿ, ಅಷ್ಟು ಹೇಳ್ದ. ಓಡಿಸ್ಲಿ ಬಿಡು ಅಂದವಳು ನಾನು. ನಾನು!"

ಆರ್ಗನ್ ಮುಂದೆ ಕೂತಿದ್ದ ಹೆಂಗಸು ದಿಗಿಲಿಗೆ ಅದರ ಕೀಲಿಗಳ ಮೇಲೆ ಮೊಣಕೈ ಊರಿದಳು. ಆರ್ಗನ್ ಒಂದು ಸಲ ಗೊರಕೆ ಹೊಡೆದು ಸುಮ್ಮನಾಯಿತು. ಯಾರೂ ನಗಲಿಲ್ಲ.

*

ಅಪಘಾತದ ಮಾರನೇ ಬೆಳಿಗ್ಗೆ ಕೌಂಟಿಯ ಪೊಲೀಸ್ ಷೆರಿಫನ ಕಡೆಯವನು ಡೆಲ್ಮರನ ಅಡುಗೆಮನೆಗೆ ಬಂದು ಟೋಪಿಯನ್ನು ಮೇಜಿನ ಮೇಲಿಟ್ಟ. ಮಾರ್ಲಾ ಒಲೆಯ ಮುಂದೆ ಮೊಟ್ಟೆ ಕರಿಯುತ್ತಿದ್ದಳು. ಡ್ವೇನ್ ಕಿಟಕಿಯ ಪಕ್ಕ ಕೂತಿದ್ದ.

"ಏನಾಯ್ತು ಹೇಳು ಡೆಲ್ಮರ್."

"ಕಡೇ ಕಾರು ಸೊಟ್ಟಗಿತ್ತು," ಎಂದ ಡೆಲ್ಮರ್. "ಚಕ್ರ ಅದರ ಅಂಚಿಗೆ ಬಡಿದು ಗಾಡಿ ಆ ಕಡೆ ಚಿಮ್ತು. ನಿಲ್ಲಿಸಿದವನು ನಾನು. ಸರಿಯಾಗಿ ಅಳೀಲಿಲ್ಲ."

ಒಲೆಯ ಮೇಲೆ ಎಣ್ಣೆ ಚಟಪಟ ಅನ್ನುತ್ತಿತ್ತು. ಮಾರ್ಲಾ ತಿರುಗಲಿಲ್ಲ. ಆ ಮನುಷ್ಯ ಬರೆದುಕೊಂಡು, ಟೋಪಿ ಹಾಕಿಕೊಂಡು ಹೊರಟುಹೋದ. ಕಾರಿನ ಸದ್ದು ದೂರವಾದ ಮೇಲೆ ಅವಳು, "ಯಾಕಪ್ಪ?" ಎಂದಳು.

"ನಿಜ ಹೇಳಿದ್ರೆ ಇವನನ್ನ ಒಳಗೆ ಹಾಕ್ತಾರೆ. ನಿನ್ನ ಹೊಟ್ಟೇಲಿರೋದಕ್ಕೆ ಅಪ್ಪ ಬೇಡ್ವಾ? ನನಗೇನು, ಹಳೇ ಕಾರುಗಳು. ಅವು ಎಲ್ಲೂ ಹೋಗಲ್ಲ."

ಆವತ್ತಿನ ಬೇರೆ ಏನೇ ಮರೆತರೂ ಮಾರ್ಲಾ ಒಂದನ್ನು ಮರೆಯಲಿಲ್ಲ. ಡ್ವೇನ್ ಮಾವನಿಗೆ ಒಂದು ಮಾತೂ ಹೇಳಲಿಲ್ಲ. ಖಾಲಿ ಕಪ್ಪನ್ನು ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದ. ಅವಳು ಕಾಫಿ ಸುರಿದಳು.

ಆಮೇಲೆ ಮೈದಾನದವರು ಡೆಲ್ಮರನನ್ನು ಕರೆಯಲಿಲ್ಲ. ಯಾರೂ ಹಳೇ ಕಾರು ಅವನಿಗೆ ಕೊಡಲಿಲ್ಲ. ಗುಜರಿಯ ಗೇಟಿನ ಮೇಲೆ ಯಾರೋ 'ಕುರುಡ' ಎಂದು ಬಳಿದರು, ಅವನು ಮೇಲೆ ಬಣ್ಣ ಹಚ್ಚಿದ, ಮತ್ತೆ ಬಳಿದರು. ಮೂರನೇ ಸಲ ಹಾಗೇ ಬಿಟ್ಟ. ಪ್ರತಿ ಸಲ ಆ ಗೇಟು ದಾಟುವಾಗ ಮಾರ್ಲಾಳಿಗೆ ಅಪ್ಪನ ಮೇಲೇ ಸಿಟ್ಟು ಬರುತ್ತಿತ್ತು. ಅವನ ಒಳ್ಳೆಯತನ ಅವಳ ಬಾಯಿಗೆ ತುರುಕಿದ ಬಟ್ಟೆಯಾಗಿತ್ತು. ಯಾರು ಕೇಳಿದ್ದರು ಅವನನ್ನು? ಅವಳು ಕೇಳಿರಲಿಲ್ಲ, ಕೊಟ್ಟಾಗ ಬೇಡವೆಂದೂ ಅಂದಿರಲಿಲ್ಲ.

*

ಹೇಜಲ್ ಎದ್ದು ಹೊರಟಳು. ಮೆತ್ತಗಿನ ಹೆಜ್ಜೆ, ಗಟ್ಟಿ ಹೆಜ್ಜೆ. ಮಾರ್ಲಾ ಬೆಂಚುಗಳ ನಡುವೆ ಓಡಿ ಹೊರಗಿನ ಜಗಲಿಯಲ್ಲಿ ಅವಳನ್ನು ತಡೆದಳು.

"ಹೇಜಲ್..."

"ಮುಟ್ಟಬೇಡ ನನ್ನ."

ಹೇಜಲ್ ಕಂಬ ಹಿಡಿದು ನಿಂತಳು. ಅಗಲ ಮುಖದ, ದಪ್ಪ ತೋಳಿನ ಹೆಂಗಸು. ತುಟಿ ಬೆಳ್ಳಗಾಗಿತ್ತು.

"ಪ್ರತಿ ಶನಿವಾರ ಬರ್ತಿದ್ದ ನಿಮ್ಮಪ್ಪ," ಎಂದಳು. "ಕೇಳು, ನಿನಗೆ ಗೊತ್ತಿರಲಿ. ನನ್ನ ಮೆಟ್ಟಿಲು ಕಿತ್ತು ಹಲಗೆಯ ಇಳಿಜಾರು ಮಾಡ್ಕೊಟ್ಟ. ಹಿಮ ಎತ್ತಿ ಹಾಕ್ದ. ಸೌದೆ ಒಡೆದ. ಒಂದು ದಿನ ಒಳಗೆ ಕರೀಲಿಲ್ಲ ನಾನು. ಒಂದು ಲೋಟ ನೀರು ಕೊಡ್ಲಿಲ್ಲ. ಜುಲೈ ಬಿಸಿಲಲ್ಲಿ ಅಂಗಳದ ಕೊಳಾಯಿಗೆ ಬಾಯಿಟ್ಟು ಕುಡೀತಿದ್ದ. ಅದು ಕಂಡು ನಾನು ಒಳಗಿಂದ ಕೊಳಾಯಿ ತಿರುವಿ ನಿಲ್ಲಿಸ್ದೆ. ಗೊತ್ತಾ ನಿನಗೆ? ನಿಲ್ಲಿಸ್ದೆ! ಅವನು ಬಾಯಿ ಒರೆಸ್ಕೊಂಡು ಮತ್ತೆ ಕೊಡಲಿ ಎತ್ಕೊಂಡ."

ಹೇಜಲ್ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇವತ್ತು ನಾನು ಯಾಕೆ ಬಂದೆ ಗೊತ್ತಾ? ಸತ್ತ ಅಂತ ಕೇಳಿ ಖುಷಿ ಆಯ್ತು. ಆಮೇಲೆ ನಾಚಿಕೆ ಆಯ್ತು. ಹೋಗಿ ಮುಖ ನೋಡಿ, ಆಯ್ತಪ್ಪಾ, ಮುಗೀತು ಅಂತ ಹೇಳಿ ಬರೋಣ ಅಂತ ಬಂದೆ. ನೀವು ಅದನ್ನೂ ಬಿಡ್ಲಿಲ್ಲ ನನಗೆ. ನನ್ನ ಕಾಲು ತಗೊಂಡ್ರಿ, ನನ್ನ ಸಿಟ್ಟನ್ನೂ ಕದ್ದು ಬೇರೆಯವನ ತಲೆ ಮೇಲೆ ಹಾಕಿದ್ರಿ."

ಬಾಗಿಲಲ್ಲಿ ಜನ ಗುಂಪಾಗಿದ್ದರು. ಡ್ವೇನ್ ಅವರನ್ನು ಸರಿಸಿಕೊಂಡು ಬಂದ. "ಹೇಜಲ್, ಬಾ, ಮನೆಗೆ ಬಿಟ್ಟು ಬರ್ತೀನಿ. ಇವಳಿಗೆ ದುಃಖದಲ್ಲಿ ಏನು ಮಾತಾಡ್ತಿದೀನಿ ಅಂತ..."

"ಡ್ವೇನ್ ಪ್ರೂಯಿಟ್," ಎಂದಳು ಹೇಜಲ್. "ಐದು ವರ್ಷ, ಪ್ರತಿ ಭಾನುವಾರ ಈ ಬಾಗಿಲಲ್ಲಿ ನನ್ನ ಕೈ ಕುಲುಕಿದೀಯ. ಈಗ ನನ್ನ ಮುಖ ನೋಡಿ ಹೇಳು. ಸ್ಪ್ರಿಂಗು ಮುರಿದಿತ್ತಾ?"

ಅವನು ಅವಳ ಮುಖ ನೋಡಿದ. ಅಂಗಳದಲ್ಲಿದ್ದ ತನ್ನ ಟ್ರಕ್ಕಿನ ಕಡೆ ನೋಡಿದ. ಮೈದಾನದ ನಗು ತುಟಿಯವರೆಗೆ ಬಂದು ಅಲ್ಲೇ ಸಿಕ್ಕಿಕೊಂಡಿತು.

"ಆಗ ಎಲ್ಲರೂ ಹಾಗೇ ಓಡಿಸ್ತಿದ್ವಿ ಹೇಜಲ್," ಎಂದ. "ನಿಯಮ ಗಿಯಮ ಏನಿತ್ತು ಆಗ? ತಂತಿ, ಹಗ್ಗ, ಕೈಗೆ ಸಿಕ್ಕಿದ್ದು ಕಟ್ಕೊಂಡು ಓಡಿಸ್ತಿದ್ವಿ. ನಾನೊಬ್ನೇ ಅಲ್ಲ."

ಜಗಲಿಯ ಮೇಲಿದ್ದವರಲ್ಲಿ ಒಬ್ಬ, ಗುಜರಿಯ ಗೇಟಿನ ಮೇಲೆ 'ಕುರುಡ' ಎಂದು ಬಳಿದವನೋ ಬಳಿದವನ ಅಪ್ಪನೋ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ತನ್ನ ಬೂಟು ನೋಡಿಕೊಂಡ.

ವರ್ನಾ ಮುಂದೆ ಬಂದಳು. "ಅವನ ಹೆಸರಿಗೆ ಮಸಿ ಬಳಿದು ಆಮೇಲೆ ಕ್ಷಮಿಸೋಕೆ ಬೇರೆ ನಿಂತ್ಯಾ ಹಲ್ಕಾ? ಮೈಕು ಬೇರೆ ಬೇಕಾಗಿತ್ತು ನಿನಗೆ!" ಕೈಚೀಲ ಎತ್ತಿ ಅವನ ಭುಜಕ್ಕೆ ಬಾರಿಸಿದಳು. ಪೆಟ್ಟೇನೂ ಆಗಲಿಲ್ಲ, ಚೀಲದಿಂದ ಕರವಸ್ತ್ರ ಹಾರಿಬಿತ್ತು. ಪಾದ್ರಿ ಅವಳ ತೋಳು ಹಿಡಿದ.

"ಗ್ಲೌಸ್ ತೆಗಿ," ಎಂದಳು ಮಾರ್ಲಾ ಗಂಡನಿಗೆ.

"ಏನು?"

"ನನ್ನಪ್ಪನ ಪೆಟ್ಟಿಗೆಗೆ ನಿನ್ನ ಕೈ ತಾಗಬಾರದು. ತೆಗಿ."

"ಮಾರ್ಲಾ, ಮನೆಗೆ ಹೋಗಿ ಮಾತಾಡೋಣ. ಮಗು ಇದೆ, ಅದರ ಎದುರಿಗೆ..."

"ಮಗುಗೋಸ್ಕರ ಐದು ವರ್ಷ ಬಾಯಿ ಮುಚ್ಚಿದ್ದಾಯ್ತು. ಅದು ಇದನ್ನ ನೋಡಿಯೇ ಬೆಳೀಲಿ. ತೆಗಿ ಅಂದೆ."

ಅವನು ತೆಗೆಯಲಿಲ್ಲ. ಅವಳೇ ಅವನ ಮಣಿಕಟ್ಟು ಹಿಡಿದು, ಒಂದೊಂದೇ ಬೆರಳಿನಿಂದ ಎಳೆದು ತೆಗೆದಳು. ಅವನು ಕೊಸರಾಡಲಿಲ್ಲ, ಅಷ್ಟು ಜನರ ಮುಂದೆ ಹೇಗೆ ಕೊಸರಾಡುವುದೆಂದು ಅವನಿಗೆ ತಿಳಿಯಲಿಲ್ಲ. ಆಮೇಲೆ ಜಗಲಿ ಇಳಿದು, ಪೇಪರಿನವನು ಎತ್ತಿದ ಕ್ಯಾಮೆರಾಗೆ ಕೈ ಅಡ್ಡ ಹಿಡಿದು, ಬರಿಗೈಯಲ್ಲಿ ರಸ್ತೆಗೆ ನಡೆದ. ಟ್ರಕ್ಕು ಅಲ್ಲೇ ನಿಂತಿತ್ತು. ಅದನ್ನು ಹತ್ತಲು ಮತ್ತೆ ಏಣಿ ಬೇಕಿತ್ತು, ಯಾರೂ ಹಿಡಿದುಕೊಡುವ ಹಾಗಿರಲಿಲ್ಲ.

ಸ್ಮಶಾನ ಚರ್ಚಿನ ಹಿಂದಿನ ಗುಡ್ಡದ ಮೇಲಿತ್ತು. ಗಾಡಿ ಬೇಡ, ಹೊತ್ತುಕೊಂಡೇ ಹೋಗೋಣ ಎಂದಳು ವರ್ನಾ. ಐದು ಜನ ಗಂಡಸರು ಪೆಟ್ಟಿಗೆಯ ಹಿಡಿಗಳಿಗೆ ಕೈ ಹಾಕಿದರು. ಆರನೆಯದಕ್ಕೆ ಮಾರ್ಲಾ. ಕೈಗವಸು ಅವಳಿಗೆ ತೀರಾ ದೊಡ್ಡದಾಗಿ ಜಾರುತ್ತಿತ್ತು. ಕಿತ್ತು ಹುಲ್ಲಿನ ಮೇಲೆ ಎಸೆದು, ಬರಿಗೈಯಲ್ಲಿ ಹಿತ್ತಾಳೆಯ ಹಿಡಿಯನ್ನು ಹಿಡಿದಳು.

ಗುಡ್ಡದ ದಾರಿಯ ಗೇಟಿನ ಬಳಿ ಹೇಜಲ್ ಅಡ್ಡ ನಿಂತಿದ್ದಳು.

"ನಿನ್ನನ್ನ ಕ್ಷಮಿಸೋಕೆ ನಿಂತಿಲ್ಲ," ಎಂದಳು. "ಆ ಯೋಚನೇನೇ ಇಟ್ಕೋಬೇಡ."

"ಇಟ್ಕೊಂಡಿಲ್ಲ."

"ಗುಡ್ಡದ ತನಕ ನಾನೂ ಬರ್ತೀನಿ. ಯಾರೂ ನನ್ನ ಕೈ ಹಿಡಿಯೋದು ಬೇಡ. ಯಾರೂ ನನ್ನ ದಾಟಿ ಹೋಗೋದೂ ಬೇಡ."

ಅವಳು ತಿರುಗಿ ಏರು ಹತ್ತತೊಡಗಿದಳು. ಹಿಂದಿನ ದಿನದ ಮಳೆಗೆ ಹುಲ್ಲು ನೆನೆದು ಮಣ್ಣು ಮೆತ್ತಗಾಗಿತ್ತು. ಮರದ ಕಾಲು ಹೆಜ್ಜೆಗೊಮ್ಮೆ ಹೂತುಕೊಳ್ಳುತ್ತಿತ್ತು. ಅವಳು ನಿಂತು, ಸೊಂಟ ತಿರುಗಿಸಿ, ಎಳೆದು ತೆಗೆದು, ಮುಂದಿನ ಹೆಜ್ಜೆ ಇಡುತ್ತಿದ್ದಳು. ಅವಳು ನಿಂತಾಗಲೆಲ್ಲ ಪೆಟ್ಟಿಗೆಯೂ ನಿಲ್ಲುತ್ತಿತ್ತು. ಅದರ ಹಿಂದೆ ಪಾದ್ರಿ, ವರ್ನಾ, ಮಗು, ಇಪ್ಪತ್ತು ಜನ. ಒಬ್ಬ ಗಂಡಸು ಭಾರ ತಾಳಲಾರದೆ ಹಿಡಿಯನ್ನು ಇನ್ನೊಂದು ಕೈಗೆ ಬದಲಿಸಿದ. ಮಾರ್ಲಾ ಬದಲಿಸಲಿಲ್ಲ. ಹಿತ್ತಾಳೆಯ ಅಂಚು ಅಂಗೈಯೊಳಗೆ ಇಳಿಯುತ್ತಿತ್ತು. ಅವಳ ಮುಂದೆ ಒದ್ದೆ ಹುಲ್ಲಿನಲ್ಲಿ ಒಂದು ಶೂವಿನ ಗುರುತು, ಪಕ್ಕದಲ್ಲಿ ಒಂದು ದುಂಡನೆಯ ಆಳವಾದ ಕುಳಿ. ಮತ್ತೆ ಶೂ, ಮತ್ತೆ ಕುಳಿ. ಆ ಕುಳಿಗಳಲ್ಲಿ ಆಗಲೇ ನೀರು ಒಸರತೊಡಗಿತ್ತು.